ಮೂವತ್ತನಾಲ್ಕರ ಸೊಂಟ

ಮಾಸ್ಟ್ರು ಒಂದೇ ಕೋಟಿಗೆ ಎರಡು ಎಡತೋಳು ಕತ್ತರಿಸಿಟ್ಟ ದಿನ ಮನೆಯಲ್ಲಿ ಯಾರೂ ನಗಲಿಲ್ಲ. ಮೂವತ್ತೆರಡು ವರ್ಷ ಹೊಲಿಗೆ ಅಂಗಡಿ ನಡೆಸಿದ ಮನುಷ್ಯ. ರಸ್ತೆಯಲ್ಲಿ ಹೋಗುವವರ ಸೊಂಟವನ್ನು ಕಣ್ಣಳತೆಯಲ್ಲೇ ಅರ್ಧ ಇಂಚೂ ತಪ್ಪದೆ ಹೇಳುತ್ತಿದ್ದರು. ಅಂಥವರು ಈಗ ಬಟ್ಟೆಯ ಒಳಮೈ ಯಾವುದು, ಹೊರಮೈ ಯಾವುದು ಎಂದು ಕಿಟಕಿಯ ಬಳಿ ನಿಂತು ತಿರುಗಿಸಿ ತಿರುಗಿಸಿ ನೋಡಬೇಕಾಗಿತ್ತು. ಹಾಗೆ ನೋಡಿಯೂ ತಪ್ಪಿದ್ದರು.

ಕಣ್ಣಿನ ಆಸ್ಪತ್ರೆಯಲ್ಲಿ ಬಲಗಣ್ಣಿನ ಪೊರೆ ಬಲಿತಿದೆ, ಎಡಗಣ್ಣಿಗೂ ಶುರುವಾಗಿದೆ, ಹೆದರುವಂಥದ್ದೇನಲ್ಲ, ಅರ್ಧ ಗಂಟೆಯ ಕೆಲಸ ಎಂದರು. ಹಾಗಾದರೆ ನಾಳೆಯೇ ಮಾಡಿ ಎಂದು ಮಾಸ್ಟ್ರು ತೋಳು ಮಡಿಸಿದರು. ಆಮೇಲೆ ನರ್ಸು ಬೆರಳು ಚುಚ್ಚಿ ರಕ್ತ ತೆಗೆದಳು, ತೋಳಿಗೆ ಪಟ್ಟಿ ಸುತ್ತಿ ಗಾಳಿ ಊದಿದಳು, ನಂಬಿಕೆಯಾಗದೆ ಇನ್ನೊಮ್ಮೆ ಊದಿದಳು. ಶುಗರ್ ಇನ್ನೂರ ಅರವತ್ತೆರಡು. ಬಿ.ಪಿ. ನೂರ ಎಪ್ಪತ್ತಾರಕ್ಕೆ ನೂರ ನಾಲ್ಕು. ಇವೆರಡೂ ಇಳಿಯುವ ತನಕ ನಾನು ಕಣ್ಣು ಮುಟ್ಟುವುದಿಲ್ಲ ಎಂದು ಕಣ್ಣಿನ ಡಾಕ್ಟರು ಚೀಟಿ ಬರೆದು, ಅವರನ್ನು ಪಕ್ಕದ ಬೀದಿಯ ಡಾಕ್ಟರಮ್ಮನ ಹತ್ತಿರ ಕಳಿಸಿದರು.

ಡಾಕ್ಟರಮ್ಮ ಮಾಸ್ಟ್ರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ತೊಂಬತ್ತೊಂದು ಕೇಜಿ ತೋರಿಸಿತು. ಎರಡು ಬಗೆಯ ಮಾತ್ರೆ ಬರೆದರು. ಮಾತ್ರೆಯೊಂದೇ ಸಾಲದು, ಮೂರು ತಿಂಗಳಲ್ಲಿ ಏಳೆಂಟು ಕೇಜಿ ಇಳಿಯಬೇಕು, ಉಪ್ಪು ಸಕ್ಕರೆ ಕಡಿಮೆಯಾಗಬೇಕು, ದಿನಾ ನಡೆಯಬೇಕು ಎಂದರು. ಮಾಸ್ಟ್ರಿಗೆ ಎಲ್ಲವೂ ಒಪ್ಪಿಗೆಯಾಯಿತು, ತೂಕವೊಂದು ಬಿಟ್ಟು.

"ನನ್ನ ಸೊಂಟ ಮೂವತ್ತನಾಲ್ಕು, ಡಾಕ್ಟ್ರೇ. ಮದುವೆ ದಿನ ಎಷ್ಟಿತ್ತೋ ಇವತ್ತೂ ಅಷ್ಟೇ. ನಿಮ್ಮ ಯಂತ್ರ ರಿಪೇರಿ ಮಾಡಿಸಿ."

ಡಾಕ್ಟರಮ್ಮ ಒಮ್ಮೆ ಅವರ ಹೊಟ್ಟೆ ನೋಡಿದರು, ಒಮ್ಮೆ ಅವರ ಮುಖ ನೋಡಿದರು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಗೋಡೆಯ ಮೇಲಿದ್ದ ಮೂಳೆಗಳ ಚಿತ್ರವನ್ನು ಬಹಳ ಆಸಕ್ತಿಯಿಂದ ಓದತೊಡಗಿದಳು.

ಓದುವವರಿಂದ ಮುಚ್ಚಿಡುವುದೇಕೆ? ಆ ಮೂವತ್ತನಾಲ್ಕರ ಹಿಂದೆ ಇದ್ದವಳು ಅವಳೇ. ಹೊಲಿಯುವವನು ತನ್ನ ಮೈಗೆ ತಾನೇ ಟೇಪು ಹಿಡಿಯಬಾರದು, ಉಸಿರು ಬಿಗಿಹಿಡಿದು ಅಳತೆ ತಪ್ಪುತ್ತದೆ ಎಂದು ಮಾಸ್ಟ್ರಿಗೆ ಕೆಲಸ ಕಲಿಸಿದವರು ಹೇಳಿದ್ದರು. ಅದನ್ನು ಅವರು ವೇದವಾಕ್ಯ ಮಾಡಿಕೊಂಡಿದ್ದರು. ಮದುವೆಗೆ ಕತ್ತರಿಸಿದ ಕಾಗದದ ನಮೂನೆ ಅಂಗಡಿಯ ಮೊಳೆಯಲ್ಲಿ ನೇತಾಡುತ್ತಿತ್ತು. ತಮ್ಮ ಪ್ಯಾಂಟನ್ನು ಅದರ ಮೇಲೇ ಕತ್ತರಿಸಿ ಹೆಂಡತಿಗೆ ಹೊಲಿಯಲು ಕೊಡುತ್ತಿದ್ದರು. ಹನ್ನೆರಡು ವರ್ಷದ ಹಿಂದೆ ಒಮ್ಮೆ ಪ್ಯಾಂಟು ಬಿಗಿಯಾಯಿತು. ನೀವು ದಪ್ಪ ಆಗಿದ್ದೀರಿ ಎಂದಳು ಹೆಂಡತಿ. ಮಾಸ್ಟ್ರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಅವಳು ಒಗೆಯಲು ಹಾಕಿದ್ದ ಪ್ಯಾಂಟಿನ ಹಿಂದಿನ ಹೊಲಿಗೆ ಬಿಚ್ಚಿ, ಒಳಗಿದ್ದ ಹೆಚ್ಚುವರಿ ಬಟ್ಟೆಯಿಂದ ಅರ್ಧ ಇಂಚು ಬಿಟ್ಟು ಹೊಲಿದಳು. ಅಂದಿನಿಂದ ಒಗೆತದ ದಿನ ಅದೂ ಒಂದು ಕೆಲಸವಾಯಿತು. ಒಳಗಿನ ಬಟ್ಟೆ ಮುಗಿದ ಮೇಲೆ ಅದೇ ಬಣ್ಣದ ಪಟ್ಟಿ ಜೋಡಿಸಿದಳು. ಊರಿನ ಸೊಂಟವನ್ನೆಲ್ಲ ಅಳೆದ ಮಾಸ್ಟ್ರಿಗೆ ತಮ್ಮದೊಂದು ತಿಳಿಯಲಿಲ್ಲ. ದೀಪದ ಬುಡದಲ್ಲಿ ಕತ್ತಲೆ.

ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಚೀಟಿ ಅವಳ ಕೈಗೆ ಬಂದದ್ದೇ ಮನೆಯಲ್ಲಿ ಹೊಸ ಸರ್ಕಾರ ಬಂತು. ಅನ್ನಕ್ಕೆ ಒಂದು ಬಟ್ಟಲು ಗೊತ್ತುಮಾಡಿದಳು. ತಟ್ಟೆಯ ಅರ್ಧ ತರಕಾರಿ ಇರಬೇಕು. ಉಪ್ಪಿನಕಾಯಿ ಜಾಡಿ ಅಟ್ಟಕ್ಕೆ ಏರಿತು. ಚಹಾಕ್ಕೆ ಸಕ್ಕರೆ ನಿಂತಿತು. ಬೆಳಗ್ಗೆ ಅಪ್ಪನನ್ನು ಎಬ್ಬಿಸಿ, ಬೀದಿಯ ಕೊನೆಯ ನೀರಿನ ಟ್ಯಾಂಕಿನ ತನಕ ಎರಡು ಸುತ್ತು ನಡೆಸಿ, ಆಮೇಲೆ ತಾನು ಕೆಲಸಕ್ಕೆ ಹೋಗುತ್ತಿದ್ದಳು. ಮಾಸ್ಟ್ರು ಮೊದಲ ದಿನ ಅರ್ಧ ದಾರಿಯಲ್ಲೇ ಒಬ್ಬ ಗಿರಾಕಿಯನ್ನು ಹಿಡಿದು ಮಾತಿಗೆ ನಿಂತರು. ಎರಡನೆಯ ದಿನದಿಂದ ಮಗಳು ಗಿರಾಕಿಗಳಿಲ್ಲದ ಬೀದಿ ಹುಡುಕಿದಳು.

ಈ ಸರ್ಕಾರಕ್ಕೆ ವಿರೋಧ ಪಕ್ಷವೆಂದರೆ ಅಜ್ಜಿ, ಮಾಸ್ಟ್ರ ತಾಯಿ. ಎಂಬತ್ತೊಂದು ವರ್ಷ, ಒಣಗಿದ ಕಡ್ಡಿಯಂಥ ಮೈ, ಯಾವ ಕಾಯಿಲೆಯೂ ಇಲ್ಲ. ಏನು ಕೊಟ್ಟರೂ ತಿನ್ನುತ್ತಿದ್ದಳು, ಎಲ್ಲಿ ಹೋಗುತ್ತಿತ್ತೋ ಯಾರಿಗೂ ಗೊತ್ತಿಲ್ಲ. ಮಗನ ತಟ್ಟೆಯಲ್ಲಿ ಒಂದೇ ಬಟ್ಟಲು ಅನ್ನ ನೋಡಿ ಅವಳ ಕರುಳು ಚುರುಕ್ ಎಂದಿತು.

"ಇದು ಊಟವೇನೆ? ಗಿಳಿಗೆ ಹಾಕೋ ಹಾಗಿದೆ."

"ಅಜ್ಜಿ, ಊಟ ಬಲ್ಲವನಿಗೆ ರೋಗವಿಲ್ಲ ಅಂತ ನೀವೇ ಹೇಳ್ತೀರ."

"ಹೌದಮ್ಮ. ಊಟವೇ ಇಲ್ಲದವನ ಬಗ್ಗೆ ನಾನೇನೂ ಹೇಳಿಲ್ಲ."

ಒಂದು ವಾರ ಅಜ್ಜಿ ಮಗನ ಅನ್ನದ ಕೆಳಗೆ ಇನ್ನೊಂದು ಹಿಡಿ ಅನ್ನ ಒತ್ತಿಟ್ಟು ಬಡಿಸಿದಳು. ಮಗಳು ಅದನ್ನು ಹಿಡಿದಳು. ಅಡುಗೆಮನೆಯಲ್ಲಿ ದೊಡ್ಡ ಮಾತೇ ಆಯಿತು. ಕೊನೆಗೆ ಮಗಳು ಅಜ್ಜಿಯ ಕೈಗೇ ಬಟ್ಟಲು ಕೊಟ್ಟು, ಇವತ್ತಿಂದ ನಿಮ್ಮದೇ ಜವಾಬ್ದಾರಿ, ಅಪ್ಪನ ಕಣ್ಣು ಬರದಿದ್ದರೆ ನಿಮ್ಮನ್ನೇ ಕೇಳುತ್ತೇನೆ ಎಂದು ಹೇಳಿ ಹೋದಳು. ಅಧಿಕಾರ ಸಿಕ್ಕಿದ ಮೇಲೆ ಅಜ್ಜಿ ಮೊಮ್ಮಗಳಿಗಿಂತ ಕಠಿಣಳಾದಳು. ಬಟ್ಟಲಿನ ಮೇಲೆ ಗೋಪುರ ಕಟ್ಟಿದ ಅನ್ನವನ್ನು ಚಮಚದ ಬೆನ್ನಿನಿಂದ ಸವರಿ ಸಮ ಮಾಡಿಯೇ ಬಡಿಸುತ್ತಿದ್ದಳು.

ಅಂಗಡಿ ನಿಲ್ಲುವಂತಿರಲಿಲ್ಲ. ಸಂಗೀತ ಶಾಲೆಯವರು ಹದಿನಾಲ್ಕು ಕೋಟು ಹೊಲಿಯಲು ಕೊಟ್ಟಿದ್ದರು. ಮಾಸ್ಟ್ರ ಕತ್ತರಿಯನ್ನು ಆ ಮನೆಯಲ್ಲಿ ಬೇರೆ ಯಾರೂ ಮುಟ್ಟಿದ್ದಿಲ್ಲ. ಹೆಂಡತಿಯ ಕೆಲಸ ಅಂಚು ಹೊಲಿಯುವುದು, ಕಾಜಾ, ಗುಂಡಿ, ಹಳೆಯ ಬಟ್ಟೆ ಸರಿಮಾಡುವುದು. ಎರಡು ಎಡತೋಳಿನ ನಂತರ ಬೇರೆ ದಾರಿ ಇರಲಿಲ್ಲ. ಮಾಸ್ಟ್ರು ಕುರ್ಚಿಯಲ್ಲಿ ಕೂತು ಹೇಳುವುದು, ಹೆಂಡತಿ ಮೇಜಿನ ಮುಂದೆ ನಿಂತು ಕತ್ತರಿಸುವುದು ಎಂದಾಯಿತು. ಭುಜ ಇಳಿಸು, ಕಂಕುಳು ಕೊರೆ, ಅವಸರ ಮಾಡಬೇಡ, ಬಟ್ಟೆ ಎಳೀಬೇಡ ಎಂದು ಅವರು ಒಂದೇ ಸಮನೆ ಹೇಳುತ್ತಿದ್ದರು. ಮೂರನೆಯ ಕೋಟಿನಿಂದ ಅವಳು ಅವರು ಹೇಳುವುದಕ್ಕೆ ಮುಂಚೆಯೇ ಕತ್ತರಿಸತೊಡಗಿದಳು. ಅದು ಅವರಿಗೆ ಕಾಣಲಿಲ್ಲ, ಅವಳೂ ಹೇಳಲಿಲ್ಲ. ಆದರೆ ಬಾಯಿ ಹೇಳುತ್ತಿದ್ದರೂ ಮಾಸ್ಟ್ರ ಬೆರಳು ತೊಡೆಯ ಮೇಲೆ ಕತ್ತರಿ ಆಡಿಸುತ್ತಲೇ ಇತ್ತು. ಕಣ್ಣು ಬರದಿದ್ದರೆ ತನ್ನ ಕೆಲಸ ಇನ್ನು ಈ ಕುರ್ಚಿಯೇ ಎಂಬ ಭಯ ಅವರನ್ನು ಗಟ್ಟಿಯಾಗಿ ಹಿಡಿದಿತ್ತು. ಬಾಯಿ ಕಟ್ಟಿದ್ದೂ ಆ ಭಯಕ್ಕೇ.

ವಾರಕ್ಕೊಮ್ಮೆ ಮಗಳು ತನ್ನ ಅಂಗಡಿಯ ತೂಕದ ಯಂತ್ರದ ಮೇಲೆ ಅಪ್ಪನನ್ನು ನಿಲ್ಲಿಸುತ್ತಿದ್ದಳು. ಮುಳ್ಳು ಅವರಿಗೆ ಕಾಣುತ್ತಿರಲಿಲ್ಲ. ಅವಳು ಹೇಳಿದ್ದನ್ನು ಕೇಳಬೇಕು. ಒಂದು ಕೇಜಿ ಇಳಿದಿದೆ, ಎರಡು ಇಳಿದಿದೆ, ಆರನೆಯ ವಾರ ನಾಲ್ಕು ಇಳಿದಿದೆ ಎಂದಳು. ಮಾಸ್ಟ್ರು ಹೂಂಗುಟ್ಟಿ ಮನೆಗೆ ಬಂದು, ಒಗೆದು ಮಡಿಸಿಟ್ಟಿದ್ದ ಪ್ಯಾಂಟು ಹಾಕಿಕೊಂಡರು. ಸೊಂಟಪಟ್ಟಿಯೊಳಗೆ ಹೆಬ್ಬೆರಳು ತೂರಿಸಲು ನೋಡಿದರು. ಹೋಗಲಿಲ್ಲ. ಹಿಂದಿನ ವಾರವೂ ಹೋಗಿರಲಿಲ್ಲ, ಅದರ ಹಿಂದಿನ ವಾರವೂ ಇಲ್ಲ.

ಊಟಕ್ಕೆ ಕೂತಾಗ ಅವರು ತಟ್ಟೆಯನ್ನು ಮುಂದಕ್ಕೆ ತಳ್ಳಿದರು.

"ಆರು ವಾರ ಸೊಪ್ಪು ತಿಂದೆ. ಬೀದಿ ಸುತ್ತಿದೆ. ಪ್ಯಾಂಟು ಹೇಗಿತ್ತೋ ಹಾಗೇ ಇದೆ. ಬಟ್ಟೆ ಸುಳ್ಳು ಹೇಳಲ್ಲ."

"ಅಪ್ಪಾ, ನಾಲ್ಕು ಕೇಜಿ ಇಳಿದಿದೆ. ನಾನೇ ನೋಡಿದೀನಿ."

"ಮಗು ಊಟ ಮಾಡಲಿ ಅಂತ ಕಾಗೆ ಗುಬ್ಬಿ ತೋರಿಸ್ತಾರಲ್ಲ, ಹಾಗೆ ನೀನು ನನಗೆ ಕೇಜಿ ತೋರಿಸ್ತಿದೀಯ."

ಮಗಳ ಮುಖ ಚಿಕ್ಕದಾಯಿತು. ಮಾಸ್ಟ್ರು ಎದ್ದು ಎದುರಿನ ಬೇಕರಿಗೆ ಹೋಗಿ ಆರು ಸಿಹಿ ಬನ್ನು ತಂದು, ಎಲ್ಲರ ಕಣ್ಣೆದುರಿಗೇ ಮೂರು ತಿಂದರು. ಇಳಿಯದ ಮೈಗೆ ಮಾತ್ರೆ ಏಕೆ ಎಂದು ಮಾತ್ರೆಗಳನ್ನು ಗುಂಡಿಯ ಡಬ್ಬದಲ್ಲಿ ಹಾಕಿ ಮುಚ್ಚಿದರು. ನಾಲ್ಕು ದಿನ ನಡೆಯಲೂ ಹೋಗಲಿಲ್ಲ. ಐದನೆಯ ದಿನ ಮಗಳು ಅಂಗಡಿಯಿಂದ ಬಿ.ಪಿ. ಯಂತ್ರ ತಂದು ನೋಡಿದರೆ ಮತ್ತೆ ನೂರ ಅರವತ್ತೆಂಟು. ನಿಮಗೆ ಕಣ್ಣು ಬೇಡವಾ ಅಪ್ಪ ಎಂದು ಕೇಳುವಾಗ ಅವಳ ದನಿ ಒಡೆಯಿತು. ಬರದೇ ಇರುವ ಕಣ್ಣಿಗೆ ಬಾಯಿ ಏಕೆ ಕಟ್ಟಬೇಕು ಎಂದು ಮಾಸ್ಟ್ರು ಗೋಡೆಯ ಕಡೆ ತಿರುಗಿದರು.

ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದ ಹೆಂಡತಿಗೆ ಇದೆಲ್ಲ ಕೇಳಿಸಿತು. ಅವಳ ಕೈ ಹಗ್ಗದ ಮೇಲೆ ನಿಂತಿತು. ಬಕೆಟ್ಟಿನ ಪಕ್ಕ ಕೂತು ಬಟಾಣಿ ಬಿಡಿಸುತ್ತಿದ್ದ ಅಜ್ಜಿ ತಲೆ ಎತ್ತದೆ ಹೇಳಿದಳು:

"ಇನ್ನು ಸಾಕು ಕಣಮ್ಮ. ಹೋಗಿ ಹೇಳು."

"ಏನು ಅತ್ತೆ?"

"ಕಣ್ಣಿಗೆ ಪೊರೆ ಬಂದಿರೋದು ನನ್ನ ಮಗನಿಗೆ, ನನಗಲ್ಲ. ಹನ್ನೆರಡು ವರ್ಷ ಬಿಚ್ಚಿ ಬಿಚ್ಚಿ ಹೊಲಿದೆ, ಮನೇಲಿ ಜಗಳ ಬೇಡ ಅಂತ ನಾನೂ ಸುಮ್ಮನಿದ್ದೆ. ಈಗ ಯಾಕೆ ಬಿಗಿ ಹಿಡಿದು ಹೊಲೀತಿದೀಯ?"

ಸೊಂಟ ಹಿಡಿದು ಹೊಲಿದದ್ದಕ್ಕೆ ಕಾರಣ ಎರಡು. ಮೂರನೆಯ ವಾರ ಪ್ಯಾಂಟು ಗಂಡನ ಸೊಂಟದಲ್ಲಿ ಜೋಲಾಡಿದ್ದು ಅವಳಿಗೆ ಕಂಡಿತ್ತು. ತನ್ನ ಗಂಡ ಅಳತೆ ತಪ್ಪಿದ ಬಟ್ಟೆ ಹಾಕಿಕೊಂಡು ಅಂಗಡಿಯಲ್ಲಿ ಕೂರುವುದು ಹೊಲಿಯುವ ಅವಳ ಕೈಗೆ ಸಹಿಸಲಾಗಲಿಲ್ಲ. ಅದು ಒಂದು. ಸಡಿಲವಾದದ್ದು ತಿಳಿದರೆ ಅವರು ಪ್ಯಾಂಟು ತಿರುಗಿಸಿ ನೋಡುತ್ತಾರೆ, ನೋಡಿದರೆ ಜೋಡಿಸಿದ ಪಟ್ಟಿ ಕೈಗೆ ಸಿಗುತ್ತದೆ ಎಂಬ ಅಂಜಿಕೆ ಇನ್ನೊಂದು. ಒಂದು ಸುಳ್ಳು ಮುಚ್ಚಲು ಹೋಗಿ ಗಂಡ ಕಷ್ಟಪಟ್ಟು ಗೆದ್ದದ್ದನ್ನೂ ಮುಚ್ಚಿಬಿಟ್ಟಿದ್ದಳು. ನೆನೆದು ಅವಳಿಗೆ ನಾಚಿಕೆಯಾಯಿತು.

ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಹಗ್ಗದಿಂದ ಬೂದು ಬಣ್ಣದ ಹಳೆಯ ಪ್ಯಾಂಟು ತಂದು, ಒಳಮೈ ಹೊರಗೆ ಮಾಡಿ ಗಂಡನ ತೊಡೆಯ ಮೇಲೆ ಹಾಕಿದಳು.

"ಬೆರಳು ಓಡಿಸಿ ನೋಡಿ."

ಮಾಸ್ಟ್ರ ಕಣ್ಣು ಮಂಜಾಗಿದ್ದರೂ ಬೆರಳಿಗೆ ಏನೂ ಆಗಿರಲಿಲ್ಲ. ಹಿಂದಿನ ಹೊಲಿಗೆಯ ಪಕ್ಕ ಸೂಜಿ ಹೋಗಿ ಬಂದ ಹಳೆಯ ದಾರಿಗಳು ಒಂದೊಂದಾಗಿ ಸಿಕ್ಕವು. ಎಣಿಸಿದರು. ಪಟ್ಟಿ ಸಿಕ್ಕಿತು. ಅಲ್ಲಿ ಬೆರಳು ಬಹಳ ಹೊತ್ತು ನಿಂತಿತು.

"ಇದು ಯಾರ ಕೈ?"

"ನನ್ನದು."

"ಎಷ್ಟು ವರ್ಷದಿಂದ?"

"ಹನ್ನೆರಡು. ದಪ್ಪ ಆಗಿದ್ದೀರಿ ಅಂದಿದ್ದಕ್ಕೆ ನೀವು ಮಾತು ಬಿಟ್ರಲ್ಲ, ಆವತ್ತಿಂದ. ನಿಮ್ಮ ಜೊತೆ ಜಗಳ ಆಡೋದಕ್ಕಿಂತ ಹೊಲಿಗೆ ಬಿಚ್ಚೋದು ಸುಲಭ ಅನ್ನಿಸ್ತು."

ಮಾಸ್ಟ್ರಿಗೆ ಸಿಟ್ಟು ಬಂತು. ಊರಿನವರ ಮುಂದೆಲ್ಲ ಮೂವತ್ತನಾಲ್ಕು ಮೂವತ್ತನಾಲ್ಕು ಎಂದು ಹೇಳಿಕೊಂಡು ತಿರುಗಿದ್ದೆನಲ್ಲ, ನನ್ನನ್ನು ಕೋಡಂಗಿ ಮಾಡಿದೆಯಲ್ಲ ಎಂದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಮಾತ್ರೆ ಅಂದೇ ಶುರುವಾಗಿದ್ದರೆ ಕಣ್ಣು ಈ ಸ್ಥಿತಿಗೆ ಬರುತ್ತಿರಲಿಲ್ಲವೇನೋ ಎಂದೂ ಅಂದರು. ಅದಕ್ಕೆ ಮಾತ್ರ ಅವಳು ತಲೆ ಎತ್ತಿದಳು.

"ಅದು ನನ್ನ ತಪ್ಪು. ದಿನಾ ಅನ್ಕೊಳ್ತೀನಿ. ಆದರೆ ಹೇಳೋಕೆ ನೀವೂ ಒಂದು ದಾರಿ ಬಿಡ್ಬೇಕಿತ್ತು."

ಹೊರಗೆ ಯಾರೋ ಬಾಗಿಲು ತಟ್ಟಿ, ಉತ್ತರ ಬರದೆ ಹೋದರು. ಮಾಸ್ಟ್ರ ಬೆರಳು ಮತ್ತೆ ಬಟ್ಟೆಯ ಮೇಲೆ ಓಡಿತು. ಪಟ್ಟಿಯ ಒಳಗಡೆ ಇನ್ನೂ ಎರಡು ಸಾಲು ಇದ್ದವು, ಗಟ್ಟಿ ದಾರದ ಹೊಸ ಸಾಲುಗಳು.

"ಇವೆರಡು?"

"ಒಂದು ಮೂರು ವಾರದ ಹಿಂದೆ ಹಿಡಿದಿದ್ದು. ಇನ್ನೊಂದು ಹೋದ ವಾರ."

"ಹಿಡಿದಿದ್ದಾ? ಬಿಟ್ಟಿದ್ದಲ್ವಾ?"

"ಹಿಡಿದಿದ್ದು. ಜೋಲಾಡ್ತಿತ್ತು."

ಮಾಸ್ಟ್ರು ಆ ಎರಡು ಸಾಲಿನ ಮೇಲೆ ಇನ್ನೊಮ್ಮೆ ಬೆರಳೆಳೆದರು. ಕೋಪ ಇತ್ತು, ಆದರೆ ಅದರ ಅಡಿಯಿಂದ ಬೇರೇನೋ ಏಳುತ್ತಿತ್ತು, ತಡೆಯಲು ಆಗಲಿಲ್ಲ. ಮೊದಲು ಹೊಟ್ಟೆ ಅಲುಗಿತು, ಆಮೇಲೆ ನಗು ಬಂತು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಎದ್ದು ಮೇಜಿನ ಪಕ್ಕ ಎರಡು ಕೈ ಸಡಿಲ ಬಿಟ್ಟು, ಗಿರಾಕಿಗಳು ನಿಲ್ಲುವ ಜಾಗದಲ್ಲಿ ನಿಂತರು.

"ಟೇಪು ತಗೋ. ಅಳೆ. ಜೋರಾಗಿ ಹೇಳು."

ಆ ಅಂಗಡಿಯಲ್ಲಿ ಅಳತೆ ಕೂಗುವವರು ಯಾವಾಗಲೂ ಮಾಸ್ಟ್ರು, ಪುಸ್ತಕದಲ್ಲಿ ಬರೆಯುವವಳು ಹೆಂಡತಿ. ಅಂದು ಅವಳು ಕೂಗಿದಳು, ಅವರು ಬರೆದರು.

"ಸೊಂಟ, ನಲವತ್ತೊಂದು."

"ಮುಂಚೆ ಎಷ್ಟಿತ್ತು?"

"ನಲವತ್ಮೂರು."

ಮಂಜುಗಣ್ಣಿಗೆ ಕಾಣಲೆಂದು ಮಾಸ್ಟ್ರು ಎರಡು ಗೆರೆ ತುಂಬ ದೊಡ್ಡದಾಗಿ ನಲವತ್ತೊಂದು ಎಂದು ಬರೆದರು. ಗಿರಾಕಿಯ ಹೆಸರಿರುವಲ್ಲಿ "ನಾನೇ" ಎಂದು ಬರೆದರು. ಸಂಜೆ ಮಗಳು ಬಂದಾಗ ಗುಂಡಿಯ ಡಬ್ಬದಿಂದ ಮಾತ್ರೆಗಳು ಹೊರಗೆ ಬಂದಿದ್ದವು. ನಿನ್ನ ಕೇಜಿ ನಿಜ ಕಣಮ್ಮ ಎಂದರು. ಅದಕ್ಕಿಂತ ಹೆಚ್ಚು ಕ್ಷಮೆ ಕೇಳುವ ಅಭ್ಯಾಸ ಅವರಿಗಿರಲಿಲ್ಲ. ಮಗಳಿಗೆ ಅಷ್ಟೇ ಸಾಕಾಯಿತು.

ಮರುದಿನ ಡಾಕ್ಟರಮ್ಮ ನಾಲ್ಕು ದಿನದ ಮಾತ್ರೆಯ ಕಥೆ ಕೇಳಿ ಚೆನ್ನಾಗಿ ಬೈದರು. ತಾನಾಗಿ ನಿಲ್ಲಿಸುವುದು, ತಾನಾಗಿ ಶುರು ಮಾಡುವುದು ಎರಡೂ ಕೂಡದು, ಮೈ ಇಳಿದರೂ ಮಾತ್ರೆ ಇಳಿಸುವುದು ತಮ್ಮ ಕೆಲಸ ಎಂದರು. ಬಿ.ಪಿ.ಯ ಮಾತ್ರೆಯೊಂದನ್ನು ಬದಲಾಯಿಸಿದರು. ಮಾಸ್ಟ್ರು ಶಾಲೆಯ ಮಗುವಿನ ಹಾಗೆ ತಲೆಯಾಡಿಸಿದರು.

ಅಲ್ಲಿಂದ ಮುಂದೆ ಪ್ಯಾಂಟು ಮುಟ್ಟಕೂಡದು ಎಂದು ಹೆಂಡತಿಗೆ ಅಪ್ಪಣೆಯಾಯಿತು. ಹತ್ತನೆಯ ವಾರದ ಹೊತ್ತಿಗೆ ಮಾಸ್ಟ್ರು ಸೊಂಟದಲ್ಲಿ ನೆರಿಗೆ ಬಿದ್ದ ಪ್ಯಾಂಟಿಗೆ ಬೆಲ್ಟು ಬಿಗಿದು ಅಂಗಡಿಯಲ್ಲಿ ಕೂತಿರುತ್ತಿದ್ದರು. ಏನು ಮಾಸ್ಟ್ರೇ, ಯಾವ ದರ್ಜಿ ಹೊಲಿದದ್ದು ಎಂದು ಗಿರಾಕಿಗಳು ಕೆಣಕಿದರೆ, ಹೆಬ್ಬೆರಳಲ್ಲ, ಇಡೀ ಮುಷ್ಟಿಯನ್ನು ಸೊಂಟಪಟ್ಟಿಯೊಳಗೆ ತೂರಿಸಿ ತೋರಿಸುತ್ತಿದ್ದರು. ಬೆಳಗಿನ ನಡಿಗೆಗೆ ಮಗಳು ಎಬ್ಬಿಸಬೇಕಾಗಿರಲಿಲ್ಲ. ಎರಡು ಸುತ್ತು ನಾಲ್ಕಾಯಿತು. ಎಲ್ಲ ದಿನವೂ ಸುಗಮವಾಗಿತ್ತು ಎಂದರೆ ಸುಳ್ಳಾಗುತ್ತದೆ. ಒಂದು ಸಂಜೆ ಅಟ್ಟದ ಮೇಲಿನ ಉಪ್ಪಿನಕಾಯಿಗಾಗಿ ಸ್ಟೂಲು ಹತ್ತಿದ್ದವರನ್ನು ಅಜ್ಜಿ ಬಟ್ಟಲು ಹಿಡಿದುಕೊಂಡೇ ಕೆಳಗಿಳಿಸಿದಳು.

ಹನ್ನೆರಡನೆಯ ವಾರ ಬೆಳಗ್ಗೆ ಮನೆಯವರೆಲ್ಲ ಡಾಕ್ಟರಮ್ಮನ ಮುಂದೆ ಸಾಲಾಗಿ ಕೂತಿದ್ದರು. ಅಜ್ಜಿಯನ್ನು ಯಾರೂ ಕರೆದಿರಲಿಲ್ಲ, ಬಟ್ಟಲಿನ ಜವಾಬ್ದಾರಿ ತನ್ನದು ಎಂದು ಬಂದಿದ್ದಳು. ತೂಕ ಎಂಬತ್ನಾಲ್ಕು. ಬಿ.ಪಿ. ನೂರ ಮೂವತ್ತನಾಲ್ಕಕ್ಕೆ ಎಂಬತ್ತೆರಡು. ಬರಿಹೊಟ್ಟೆಯ ಶುಗರ್ ನೂರ ಇಪ್ಪತ್ತಾರು. ಮೂರು ತಿಂಗಳ ಶುಗರ್ ಸರಾಸರಿ ಹೇಳುವ ರಕ್ತಪರೀಕ್ಷೆಯ ಅಂಕಿಯೂ ಹತ್ತರ ಮೇಲಿದ್ದದ್ದು ಏಳೂವರೆಗೆ ಬಂದಿತ್ತು. ಇನ್ನೂ ಇಳಿಯಬೇಕು, ಆದರೆ ಕಣ್ಣಿಗೆ ಇಷ್ಟು ಸಾಕು ಎಂದು ಡಾಕ್ಟರಮ್ಮ ಚೀಟಿಗೆ ಸಹಿ ಹಾಕಿದರು. ಕಣ್ಣು ಬಂದ ಮೇಲೆ ನಡಿಗೆ ಬಿಟ್ಟರೆ ಎಲ್ಲ ಮೊದಲಿನಂತಾಗುತ್ತದೆ, ದಿನಕ್ಕೊಂದು ಗಂಟೆ ಅಂಗಡಿಯಿಂದ ಹೊರಗಿರಿ ಎಂದು ಎರಡು ಸಲ ಹೇಳಿದರು.

ಬಲಗಣ್ಣಿನ ಆಪರೇಷನ್ ಅರ್ಧ ಗಂಟೆಯಲ್ಲಿ ಮುಗಿಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಮಾಸ್ಟ್ರು ನರ್ಸಿನ ಬಿಳಿ ಕೋಟು ನೋಡಿ, ಎಡಭುಜದ ಹೊಲಿಗೆ ಸುಕ್ಕಾಗಿದೆ ಎಂದರು. ಕಣ್ಣು ಬಂದದ್ದು ಎಲ್ಲರಿಗೂ ಹಾಗೆ ತಿಳಿಯಿತು.

ಡಾಕ್ಟರು ಹೇಳಿದ ದಿನಗಳಷ್ಟು ಮನೆಯೊಳಗೆ ಕೂತು, ಕಣ್ಣಿಗೆ ಹನಿ ಔಷಧಿ ಹಾಕಿಸಿಕೊಂಡು, ಕೊನೆಗೆ ಒಂದು ಬೆಳಗ್ಗೆ ಮಾಸ್ಟ್ರು ಅಂಗಡಿಗೆ ಬಂದರು. ಹೆಂಡತಿ ಕತ್ತರಿಯನ್ನು ಒರೆಸಿ ಅವರ ಜಾಗದಲ್ಲಿ ಇಟ್ಟಿದ್ದಳು. ತಾನು ಮೂಲೆಯ ಮಣೆಯ ಮೇಲೆ ಕೂತು ಅಂಚು ಹೊಲಿಯುತ್ತಿದ್ದಳು. ಸಂಗೀತ ಶಾಲೆಯ ಕೊನೆಯ ಮೂರು ಕೋಟುಗಳ ತುಂಡುಗಳು ಮೇಜಿನ ಮೇಲಿದ್ದವು. ಮಾಸ್ಟ್ರು ಒಂದೊಂದನ್ನೇ ಬೆಳಕಿಗೆ ಹಿಡಿದರು. ಕಂಕುಳಿನ ತಿರುವು ನೋಡಿದರು, ಭುಜದ ಇಳಿತ ನೋಡಿದರು, ಎಡತೋಳನ್ನೂ ಬಲತೋಳನ್ನೂ ಒಂದರ ಮೇಲೊಂದು ಇಟ್ಟು ನೋಡಿದರು. ಎಲ್ಲೂ ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ತಾವು ಕಣ್ಣು ಚೆನ್ನಾಗಿದ್ದಾಗಲೂ ಇಷ್ಟು ನಯವಾಗಿ ತಿರುವು ಕೊರೆದದ್ದು ಅವರಿಗೆ ನೆನಪಾಗಲಿಲ್ಲ. ತುಂಡುಗಳನ್ನು ಮತ್ತೆ ಮೊದಲಿನಿಂದ ನೋಡಿದರು. ಏನೋ ತಪ್ಪಾಗಿದೆ ಎಂದುಕೊಂಡು ಹೆಂಡತಿಯ ಸೂಜಿ ನಿಂತಿತು.

"ಇಲ್ಲಿ ಬಾ," ಎಂದರು ಮಾಸ್ಟ್ರು. "ಇನ್ಮೇಲೆ ಕೋಟು ನೀನೇ ಕತ್ತರಿಸು."

"ಯಾಕೆ? ಕಣ್ಣು ಬಂತಲ್ಲ ನಿಮಗೆ."

"ಬಂತು. ಅದಕ್ಕೇ ಹೇಳ್ತಿದೀನಿ." ಕತ್ತರಿಯನ್ನು ಅವಳ ಕಡೆಗೆ ಸರಿಸಿದರು. "ಮತ್ತೆ ಬೆಳಗ್ಗೆ ಒಂದು ಗಂಟೆ ನಾನು ನಡೆಯೋಕೆ ಹೋಗ್ಬೇಕು. ಡಾಕ್ಟ್ರು ಎರಡು ಸಲ ಹೇಳಿದಾರೆ."

"ಹಾಗಾದ್ರೆ ಅಂಚು ಯಾರು ಹೊಲೀತಾರೆ?"

ಮಾಸ್ಟ್ರು ಅವಳ ಕೈಯಿಂದ ಸೂಜಿ ತೆಗೆದುಕೊಂಡರು. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೇ ಸಲಕ್ಕೆ ಪೋಣಿಸಿದರು. ಆಮೇಲೆ ಗೋಡೆ ಹಿಡಿಯದೆ, ಏದುಸಿರು ಬಿಡದೆ, ಸಲೀಸಾಗಿ ಕಾಲು ಮಡಚಿ ಆ ಗಿಡ್ಡ ಮಣೆಯ ಮೇಲೆ ಕೂತರು. ಹತ್ತು ವರ್ಷದಿಂದ ಅವರಿಗೆ ಹಾಗೆ ಕೂರಲು ಹೊಟ್ಟೆ ಬಿಟ್ಟಿರಲಿಲ್ಲ. ಕೂತು, ತಲೆ ಎತ್ತಿ, ಕತ್ತರಿ ಹಿಡಿದು ಮೇಜಿನ ಮುಂದೆ ನಿಂತಿದ್ದ ಹೆಂಡತಿಯನ್ನು ಚೆನ್ನಾಗಿ ನೋಡಿದರು. ಅವರಿಗೆ ತುಂಬ ಸಂತೋಷವಾಯಿತು.